ಒಡ್ವಾರನ ಪರದೆಯ ಮೇಲೆ ಎರಡನೆಯ ಕೈ

ಹನ್ನೊಂದು ವರ್ಷಗಳ ಹಿಂದೆ ನಾನು ಒಡ್ವಾರನಿಗೆ ಒಂದು ಮಾತು ಕೊಟ್ಟೆ. ಬಾರ್ಜಿನ ಅಡುಗೆಕೋಣೆಯಲ್ಲಿ ಬ್ರೆಡ್ಡಿನ ಮೇಲೆ ಕಂದು ಚೀಸಿನ ತೆಳ್ಳನೆ ಹೋಳು ಇಟ್ಟುಕೊಂಡು ಎದುರುಬದುರು ಕೂತಿದ್ದೆವು. ಸಾಲ್ಮನ್ ಮೀನಿಗೆ ಮೇವು ಹಾಕುವ ಕೆಲಸವನ್ನು ಕಂಪನಿ ಆಗಷ್ಟೇ ಕಡಲಿನಿಂದ ದಡಕ್ಕೆ ತಂದಿತ್ತು. ಮೇವು ತುಂಬಿಟ್ಟ ಚಪ್ಪಟೆ ಹಡಗು ಈ ಬಾರ್ಜು, ಕಡಲಲ್ಲೇ, ಮೀನು ಸಾಕುವ ಬಲೆಗೂಡುಗಳ ಪಕ್ಕ ಲಂಗರು ಹಾಕಿಕೊಂಡು ನಿಂತಿರುತ್ತದೆ. ಅದರ ಕಂಪ್ಯೂಟರೂ ಅಲ್ಲೇ ಇರುತ್ತದೆ. ಆದರೆ ಇನ್ನು ಮೇಲೆ ನಾವು ದಡದ ಮೇವಿನ ಕೋಣೆಯಲ್ಲಿ ಕೂತು ಆ ಕಂಪ್ಯೂಟರಿನ ಪರದೆಯನ್ನು ನಮ್ಮ ಪರದೆಯ ಮೇಲೆ ತಂದುಕೊಂಡು ಮೇವು ಬಿಡುತ್ತೇವೆ. ನಾನು ಕಾರ್ಮಿಕರ ಪ್ರತಿನಿಧಿ. ಒಪ್ಪಿಗೆಯ ಕಾಗದಕ್ಕೆ ಎಲ್ಲರ ಸಹಿ ಹಾಕಿಸಿಕೊಳ್ಳುವ ಕೆಲಸ ನನ್ನದಾಗಿತ್ತು.

"ಅಂದ್ರೆ ಯಾರು ಬೇಕಾದ್ರೂ ನನ್ನ ಪರದೆಗೆ ಬಂದು ಇಣುಕಬಹುದು," ಅಂದ ಒಡ್ವಾರ್. ಪೆನ್ನು ಮುಟ್ಟಲಿಲ್ಲ.

"ಬರೋ ಮುಂಚೆ ರೇಡಿಯೋದಲ್ಲಿ ಕೂಗ್ತೀವಿ."

"ಕೂಗದೇ ಬಂದ್ರೆ?"

"ಹಾಗೆ ಬಂದ್ರೆ ಯಾರು ಬಂದ್ರು, ಎಷ್ಟು ದಿನದಿಂದ ಬರ್ತಿದಾರೆ, ಏನು ನೋಡಿದ್ರು, ಮೂರನ್ನೂ ನಾನೇ ಬಂದು ನಿನಗೆ ಹೇಳ್ತೀನಿ. ಆಯ್ತಾ?"

"ಮೂರೂ?"

"ಮೂರೂ."

ಅವನು ಸಹಿ ಹಾಕಿದ. ಅವನ ಹಿಂಜರಿಕೆಗೆ ಕಾರಣ ನನಗೆ ಗೊತ್ತಿತ್ತು. ಯಂತ್ರ, ಪೈಪು, ಬಲೆ ನೋಡಿಕೊಳ್ಳಲು ಬಾರ್ಜಿನಲ್ಲೇ ಉಳಿಯುವವನು ಅವನು; ಪಾಳಿಯೆಂದರೆ ಎರಡು ವಾರ ಅಲ್ಲಿ ಒಬ್ಬನೇ. ಕೆಲಸ ಮುಗಿದ ಮೇಲೆ ಅದೇ ಕಂಪ್ಯೂಟರಿನಲ್ಲಿ ಒಬ್ಬರೇ ಆಡುವ ಇಸ್ಪೀಟು ಆಡುತ್ತಾನೆ, ಏನಾದರೂ ಬರೆದುಕೊಳ್ಳುತ್ತಾನೆ. ಅವನ ಪಾಲಿಗೆ ಅದು ಕಂಪನಿಯ ಯಂತ್ರ ಮಾತ್ರವಲ್ಲ.

ಈ ವರ್ಷ ಏಪ್ರಿಲ್‌ನಲ್ಲಿ, ನಾನು ಮಗಳಿಗೆ ಮಳೆಯಂಗಿ ತೊಡಿಸಿ ಶಿಶುವಿಹಾರಕ್ಕೆ ಬಿಟ್ಟು ಮೇವಿನ ಕೋಣೆಗೆ ಬಂದು ಕೂರುವಷ್ಟರಲ್ಲಿ ರೇಡಿಯೋ ಕರೆಯಿತು.

"ಗುನ್ವೋರ್, ನಿನ್ನೆ ಸಂಜೆ ನನ್ನ ಪರದೆಗೆ ಬಂದಿದ್ದೆಯಾ?"

"ಇಲ್ಲ."

"ನಿಜ ಹೇಳು."

"ನಿನ್ನೆ ಸಂಜೆ ನಾನು ಮಕ್ಕಳ ಬಟ್ಟೆ ಮಡಚ್ತಿದ್ದೆ ಮಾರಾಯ. ಯಾಕೆ?"

"ಇಸ್ಪೀಟು ಆಡ್ತಿದ್ದೆ. ಕಾಫಿ ಬಗ್ಗಿಸಿಕೊಳ್ಳೋಕೆ ಎದ್ದೆ. ತಿರುಗಿ ನೋಡ್ತೀನಿ, ಕಪ್ಪು ಒಂಬತ್ತು ತಾನೇ ಎದ್ದು ಹೋಗಿ ಕೆಂಪು ಹತ್ತರ ಮೇಲೆ ಕೂತಿತು."

"ನೀನೇ ಇಟ್ಟು ಮರೆತಿರ್ತೀಯ."

"ನನ್ನ ಒಂದು ಕೈಯಲ್ಲಿ ಕೆಟಲ್ ಇತ್ತು, ಇನ್ನೊಂದರಲ್ಲಿ ಲೋಟ. ಮೂಗಿನಲ್ಲಿ ಆಡೋ ಅಭ್ಯಾಸ ನನಗಿಲ್ಲ." ಆಮೇಲೆ ಇನ್ನಷ್ಟು ಒರಟಾಗಿ, "ನೀನು ಮಾತು ಕೊಟ್ಟಿದ್ದೆ," ಅಂದ. ರೇಡಿಯೋ ನಿಂತಿತು.

ಆ ದಿನವೇ ಮಧ್ಯಾಹ್ನ ಉತ್ಪಾದನಾ ಮುಖ್ಯಸ್ಥ ಹೆನ್ನಿಂಗ್ ನನ್ನನ್ನು ಕರೆಸಿದ. ಬಂದು ಎಂಟು ತಿಂಗಳಾಗಿರುವ, ಯಾವಾಗಲೂ ಹೊಸ ಬೂಟು ಹಾಕಿಕೊಂಡಿರುವ ಮನುಷ್ಯ. ಮೇಜಿನ ಮೇಲೆ ಒಂದು ಹಾಳೆ ಇಟ್ಟ. ಒಡ್ವಾರನ ನಾಲ್ಕನೇ ಗೂಡಿಗೆ ಮೇವು ಮೂರು ದಿನ, ದಿನಕ್ಕೊಂದು ಸಲ ನಿಂತಿದೆ, ಪ್ರತಿ ಸಲ ನಲವತ್ತು ನಿಮಿಷ. ಹತ್ತೂವರೆ, ಹನ್ನೊಂದು ಇಪ್ಪತ್ತು, ಹನ್ನೆರಡು ಹತ್ತು.

"ಊಟದ ಹೊತ್ತು," ಅಂದ ಹೆನ್ನಿಂಗ್. "ನಿಲ್ಲಿಸಿ ಮಲಗ್ತಾನೆ. ಮೀನು ತೂಕದಲ್ಲಿ ಹಿಂದೆ ಬಿದ್ದಿದೆ. ಲಿಖಿತ ಎಚ್ಚರಿಕೆ ಕೊಡ್ತಿದೀನಿ. ಪ್ರತಿನಿಧಿಗೆ ಮುಂಚೆ ತಿಳಿಸಬೇಕಲ್ಲ, ತಿಳಿಸಿದೆ."

"ಅವನೇ ನಿಲ್ಲಿಸಿದ ಅಂತ ಹೇಗೆ ಗೊತ್ತು?"

"ಮೇವಿನ ಪ್ರೋಗ್ರಾಮೇ ಬರೆದುಕೊಂಡಿದೆ. ನೋಡು, 'ಬಾರ್ಜಿನಲ್ಲಿ ನಿಲ್ಲಿಸಲಾಗಿದೆ.' ಬಾರ್ಜಿನಲ್ಲಿ ಇರೋದು ಒಬ್ಬ."

ಇಂಥ ಎಚ್ಚರಿಕೆ ಒಡ್ವಾರನಿಗೆ ಹೋದ ವರ್ಷ ಒಂದು ಸಿಕ್ಕಿತ್ತು, ಲೈಫ್ ಜಾಕೆಟ್ ವಿಷಯಕ್ಕೆ. ಎರಡನೆಯದು ಸಿಕ್ಕರೆ ಕೆಲಸ ಹೋಗುತ್ತದೆ. ಅವನಿಗೆ ಐವತ್ತೊಂಬತ್ತು. ಅವನು ಹೋದರೆ ಆ ಜಾಗಕ್ಕೆ ಇನ್ನೊಬ್ಬರನ್ನು ತೆಗೆದುಕೊಳ್ಳುವ ಯೋಚನೆ ಕಂಪನಿಗಿಲ್ಲ. ಜನರಿಲ್ಲದ ಬಾರ್ಜಿನ ನಕ್ಷೆಯನ್ನು ನಾನೇ ಹೆನ್ನಿಂಗನ ಗೋಡೆಯ ಮೇಲೆ ನೋಡಿದ್ದೆ. ಹಾಗಾಗಿ ನನ್ನ ಅನುಮಾನ ನೇರ ಅವನ ಕಡೆಗೇ ಹೋಯಿತು. ಒಂಬತ್ತನ್ನು ಎತ್ತಿಟ್ಟ ಆ ಇನ್ನೊಂದು ಕೈ ಇವನದೇ ಯಾಕಾಗಿರಬಾರದು?

"ಮೂರು ದಿನ ಕೊಡು," ಅಂದೆ.

"ಯಾಕೆ?"

"ಪ್ರತಿನಿಧಿಗೆ ಪರಿಶೀಲಿಸೋ ಹಕ್ಕಿದೆ."

ಅವನು ಕ್ಯಾಲೆಂಡರ್ ನೋಡಿ ಶುಕ್ರವಾರದವರೆಗೆ ಅಂದ.

ಕಂಪನಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು ಸ್ಟೈನಾರ್. ಬಲೆ ಹೊಲಿಯುವ ಹಳೆಯ ಗೋದಾಮಿನ ಅಟ್ಟದಲ್ಲಿ ಕೂರುತ್ತಾನೆ. ನಾನು ಹೋದಾಗ ತನ್ನ ಬುತ್ತಿಯ ಕಾಗದ ಬಿಚ್ಚುತ್ತಿದ್ದ.

"ಒಬ್ಬರ ಕಂಪ್ಯೂಟರನ್ನ ದೂರದಿಂದ ಆಡಿಸ್ತೀವಲ್ಲ, ಅದು ಹೇಗೆ ಅಂತ ಹೇಳು. ಸಣ್ಣ ಮಗುವಿಗೆ ಹೇಳೋ ಹಾಗೆ."

"ಹನ್ನೊಂದು ವರ್ಷದಿಂದ ಅದನ್ನೇ ಮಾಡ್ತಿದೀಯಲ್ಲ?"

"ಹದಿನೆಂಟನೇ ವಯಸ್ಸಿಂದ ಕಾರು ಓಡಿಸ್ತಿದೀನಿ. ಬಾನೆಟ್ ಎತ್ತಿಲ್ಲ."

ಅವನು ಬ್ರೆಡ್ಡನ್ನು ಪಕ್ಕಕ್ಕಿಟ್ಟ. "ಎಲ್ಲರೂ ತಪ್ಪು ತಿಳ್ಕೊಂಡಿರೋದು ಒಂದೇ. ಬಾರ್ಜಿನ ಕಂಪ್ಯೂಟರು ನಿನ್ನ ಹತ್ತಿರ ಬರುತ್ತೆ ಅಂತ. ಬರಲ್ಲ. ಅದು ಅಲ್ಲೇ ಇರುತ್ತೆ, ಅಲ್ಲೇ ಯೋಚಿಸುತ್ತೆ. ನಿನಗೆ ಬರೋದು ಅದರ ಪರದೆಯ ಚಿತ್ರ. ಅದೂ ಪೂರ್ತಿ ಅಲ್ಲ. ಬದಲಾದ ಚೂರು ಮಾತ್ರ, ಸೆಕೆಂಡಿಗೆ ಎಷ್ಟೋ ಸಲ. ನಿನ್ನ ಕಡೆಯಿಂದ ಹೋಗೋದು ಇನ್ನೂ ಕಮ್ಮಿ. ಮೌಸು ಇಷ್ಟು ಎಡಕ್ಕೆ, ಇಷ್ಟು ಮೇಲಕ್ಕೆ, ಇಲ್ಲಿ ಒತ್ತಿದ್ದಾಳೆ, ಈ ಅಕ್ಷರ ಹೊಡೆದಿದ್ದಾಳೆ. ಅಷ್ಟೇ. ಕಣ್ಣು ಅಲ್ಲಿಂದ ಇಲ್ಲಿಗೆ, ಕೈ ಇಲ್ಲಿಂದ ಅಲ್ಲಿಗೆ."

"ಆ ಕೈ ಯಾರದ್ದು ಅಂತ ಬಾರ್ಜಿನ ಕಂಪ್ಯೂಟರಿಗೆ ಗೊತ್ತಾಗುತ್ತಾ?"

"ಮೇವಿನ ಪ್ರೋಗ್ರಾಮಿಗಾ? ಇಲ್ಲ. ಮೌಸು ಒತ್ತಿತು ಅನ್ನೋದಷ್ಟೇ ಅದಕ್ಕೆ ಗೊತ್ತು. ಒಡ್ವಾರ್ ಒತ್ತಿದರೂ, ನೀನು ಇಲ್ಲಿಂದ ಒತ್ತಿದರೂ, ಮೇವಿನ ಪ್ರೋಗ್ರಾಮಿನ ಲೆಕ್ಕದಲ್ಲಿ ಒತ್ತಿದ್ದು ಬಾರ್ಜಿನಲ್ಲೇ."

ಹೆನ್ನಿಂಗನ ಹಾಳೆಯ ಬೆಲೆ ಅಲ್ಲಿಗೆ ಅರ್ಧವಾಯಿತು.

"ಹಾಗಾದ್ರೆ ಕಡಲ ನಡುವೆ ಇರೋ ಕಂಪ್ಯೂಟರಿಗೆ ಹೊರಗಿನವರು ಬಾಗಿಲು ಒಡೆದು ಹೋಗಬೇಕಲ್ಲ?"

"ಬೇಕಾಗಿಲ್ಲ. ಬಾರ್ಜು ತಾನೇ ನಮ್ಮ ಸರ್ವರಿಗೆ ಫೋನ್ ಮಾಡಿ, ಇಡದೇ, ಹಲೋ ಹಲೋ ಅಂತ ಕೂತಿರುತ್ತೆ ಅಂದ್ಕೋ. ಸರಿಯಾದ ಹೆಸರು, ಪಾಸ್‌ವರ್ಡು ಹೇಳಿದವರನ್ನ ಸರ್ವರು ಆ ಲೈನಿಗೆ ಜೋಡಿಸುತ್ತೆ. ಮುಖ ನೋಡಲ್ಲ."

"ಯಾರಾದ್ರೂ ನೋಡ್ತಿದ್ರೆ ಒಡ್ವಾರನಿಗೆ ಯಾಕೆ ಗೊತ್ತಾಗಲ್ಲ?"

ಸ್ಟೈನಾರ್ ಮೊದಲ ಸಲ ನನ್ನ ಮುಖ ನೋಡಿದ. "ಮೊದಲು ಗೊತ್ತಾಗ್ತಿತ್ತು. ಮೂಲೆಯಲ್ಲಿ ಹಳದಿ ಪಟ್ಟಿ ಬರ್ತಿತ್ತು. ಆಮ್ಲಜನಕದ ಅಂಕಿ ಮುಚ್ಚಿಹೋಗುತ್ತೆ, ರೇಡಿಯೋದಲ್ಲಿ ಕೂಗ್ತೀವಲ್ಲ ಸಾಕು ಅಂತ ಅದನ್ನ ತೆಗೆಸಿದ್ದು ಯಾರು?"

ನಾವೇ. ಸಭೆ ಮಾಡಿ, ಎಲ್ಲರೂ ಕೈ ಎತ್ತಿ. ಒಡ್ವಾರನೂ ಎತ್ತಿದ್ದ.

ಸರ್ವರಿನ ದಾಖಲೆ ಬೇರೆ ಇತ್ತು, ಹಿಂದಿನ ಎರಡು ವಾರದ್ದು ಮಾತ್ರ. ಸ್ಟೈನಾರ್ ಅದನ್ನು ತೆರೆದು ಪರದೆಯನ್ನು ನನ್ನ ಕಡೆ ತಿರುಗಿಸಿದ. ಮೇವು ನಿಂತ ಪ್ರತಿ ಹೊತ್ತಿಗೂ ಯಾರೋ ಒಳಗಿದ್ದರು. ಹೆಸರು "ಮೇವಿನ ಕೋಣೆ". ನಾವೆಲ್ಲ ಬಳಸುವುದು ಆ ಒಂದೇ ಹೆಸರು, ಒಂದೇ ಪಾಸ್‌ವರ್ಡು. ಪಾಳಿ ಬದಲಾಗುವಾಗ ಕುರ್ಚಿಯಿಂದ ಒಬ್ಬರು ಎದ್ದು ಇನ್ನೊಬ್ಬರು ಕೂರುತ್ತಾರೆ, ಅಷ್ಟೇ. ಆದರೆ ಸಂಪರ್ಕ ಬಂದಿದ್ದು ನಮ್ಮ ಕಟ್ಟಡದಿಂದಲ್ಲ. ನಮ್ಮ ದ್ವೀಪದ ಮನೆಗಳಿಗೆ ಹಾಕಿರುವ ಇಂಟರ್ನೆಟ್ ಕೇಬಲ್ಲಿನಿಂದ.

"ಮುನ್ನೂರು ಮನೆ," ಅಂದ ಸ್ಟೈನಾರ್. "ನಿನ್ನದೂ ಸೇರಿ."

"ನಿನ್ನದೂ ಸೇರಿ."

"ನನಗೆ ಮೀನು ಅಂದ್ರೆ ಆಗಲ್ಲ." ಅವನು ಕೀಬೋರ್ಡಿನ ಮೇಲೆ ಕೈ ಇಟ್ಟ. "ಈಗಲೇ ಪಾಸ್‌ವರ್ಡು ಬದಲಾಯಿಸ್ತೀನಿ. ಮುಗೀತು."

"ಮುಟ್ಟಬೇಡ. ಬದಲಾಯಿಸಿದ್ರೆ ಅವರು ಹೋಗ್ತಾರೆ, ಕಳಂಕ ಒಡ್ವಾರನ ತಲೆ ಮೇಲೇ ಉಳಿಯುತ್ತೆ."

ಅವನು ಕೈ ತೆಗೆದ. ಆದರೆ ನಾನು ಮೆಟ್ಟಿಲಿಳಿಯುವಾಗ ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದ. ನಾನೂ ಎರಡು ಸಲ ತಿರುಗಿ ನೋಡಿದೆ.

ಸರ್ವರಿನ ದಾಖಲೆಯ ಹಾಳೆಗಳನ್ನೂ ಮೇವು ನಿಂತ ಹೊತ್ತುಗಳ ಪಟ್ಟಿಯನ್ನೂ ಮನೆಗೆ ತಂದು, ಮಕ್ಕಳು ಸೂಪು ಕುಡಿಯುತ್ತಿದ್ದಾಗ ಮೇಜಿನ ತುದಿಯಲ್ಲಿ ಹರಡಿಕೊಂಡೆ. ಹೆನ್ನಿಂಗ್ ತೋರಿಸಿದ್ದು ಮೂರು ದಿನ. ನಿಂತಿದ್ದು ಒಂಬತ್ತು ದಿನ. ಮೊದಲ ದಿನ ಬೆಳಿಗ್ಗೆ ಏಳು ಹತ್ತು. ಮರುದಿನ ಎಂಟು. ಆಮೇಲೆ ಎಂಟು ಐವತ್ತು, ಒಂಬತ್ತು ನಲವತ್ತು. ದಿನಕ್ಕೆ ಐವತ್ತು ನಿಮಿಷ ಮುಂದಕ್ಕೆ. ಊಟದ ಹೊತ್ತು ಹೀಗೆ ಜರುಗುವುದಿಲ್ಲ. ಜರುಗುವುದು ಉಬ್ಬರ ಇಳಿತ.

ಉಬ್ಬರ ಮುಗಿದು ಇಳಿತ ಶುರುವಾಗುವ ಮೊದಲು ನೀರು ಸ್ವಲ್ಪ ಹೊತ್ತು ನಿಲ್ಲುತ್ತದೆ. ನಾಲ್ಕನೇ ಗೂಡು ಬಂಡೆಗಳ ಮರೆಯಲ್ಲಿದೆ. ಅಲ್ಲಿ ನೀರು ನಿಂತರೆ ಮೀನು ಮಂಕಾಗುತ್ತದೆ, ತಿನ್ನುವುದಿಲ್ಲ, ಮೇವೆಲ್ಲ ತಳಕ್ಕೆ ಬೀಳುತ್ತದೆ. ಹಿಂದೆಲ್ಲ ನಾವು ಕ್ಯಾಮೆರಾ ನೋಡಿ ಕೈಯಿಂದಲೇ ನಿಲ್ಲಿಸುತ್ತಿದ್ದೆವು. ಈಚೆಗೆ ಹೆನ್ನಿಂಗ್ ತರಿಸಿದ ಹೊಸ ಪ್ರೋಗ್ರಾಮು ಗಡಿಯಾರ ನೋಡಿ ಮೇವು ಬಿಡುತ್ತದೆ. ಅದು ಬಂದು ಹತ್ತು ದಿನವಾಗಿತ್ತು.

ಹಾಗಾದರೆ ಹೆನ್ನಿಂಗ್ ಅಲ್ಲ. ಅವನಿಗೆ ನೀರು ಯಾವಾಗ ತಿರುಗುತ್ತದೆ ಅಂತ ಫೋನು ನೋಡಿದರೂ ಗೊತ್ತಾಗದು. ಸ್ಟೈನಾರನೂ ಅಲ್ಲ. ಬಲ್ಲವರು ಯಾರೋ. ಅದರಿಂದ ನನಗೆ ಸಮಾಧಾನವಾಗಲಿಲ್ಲ, ಬಲ್ಲವರೆಂದರೆ ನಮ್ಮವರು.

ಮರುದಿನ ನೀರು ನಿಲ್ಲುವುದು ಎರಡು ನಲವತ್ತಕ್ಕೆ. ಎರಡೂಕಾಲಿಗೆ ನಾನು ರೇಡಿಯೋ ಎತ್ತಿದೆ.

"ಒಡ್ವಾರ್, ನಿನ್ನ ಪರದೆಗೆ ಬರ್ತಿದೀನಿ. ನೀನು ನಾಲ್ಕನೇ ಗೂಡಿನ ಕಟ್ಟೆಗೆ ಹೋಗಿ ಕ್ಯಾಮೆರಾ ಎದುರಿಗೆ ನಿಂತ್ಕೋ. ಎರಡೂ ಕೈ ಕಾಣೋ ಹಾಗೆ."

"ಫೋಟೋ ತೆಗೀತೀಯಾ?"

"ನಿನ್ನ ಕೈ ಮೌಸಿನ ಮೇಲಿಲ್ಲ ಅಂತ ತೋರಿಸಬೇಕು."

"ನಾನು ಇಲ್ಲೇ ಪರದೆ ಎದುರು ಕೂತು ನೋಡ್ತೀನಿ. ನೀನು ಏನು ಮಾಡ್ತೀಯ ಅಂತ ನನಗೇನು ಗೊತ್ತು?"

"ನನ್ನ ಮೇಲೂ ಅನುಮಾನನಾ?"

"ಎಲ್ಲರ ಮೇಲೂ. ನಿನ್ನ ಮೇಲೆ ಸ್ವಲ್ಪ ಕಮ್ಮಿ."

ಗೊಣಗುತ್ತಾ ಹೋದ. ಕ್ಯಾಮೆರಾದಲ್ಲಿ ಕಾಣಿಸಿದ, ಗಾಳಿಗೆ ಮೈ ವಾಲಿಸಿಕೊಂಡು, ಥರ್ಮಾಸನ್ನು ಎರಡೂ ಕೈಯಲ್ಲಿ ಹಿಡಿದು, ಚರ್ಚಿನಲ್ಲಿ ದೀಕ್ಷೆ ತೆಗೆದುಕೊಳ್ಳುವ ಹುಡುಗನ ಹಾಗೆ ನೆಟ್ಟಗೆ. ನಾನು ನನ್ನ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಪರದೆ ನೋಡುತ್ತಾ ಕೂತೆ.

ಎರಡು ನಲವತ್ತೊಂದಕ್ಕೆ ಪರದೆಯ ಮೇಲೆ ಮೌಸಿನ ಬಾಣ ಅಲುಗಿತು. ಅವಸರವಿಲ್ಲದೆ ಹೋಗಿ ನಾಲ್ಕನೇ ಗೂಡಿನ "ನಿಲ್ಲಿಸು" ಗುಂಡಿಯ ಮೇಲೆ ನಿಂತು ಒತ್ತಿತು. ಒಡ್ವಾರ್ ಥರ್ಮಾಸ್ ಹಿಡಿದು ನಿಂತೇ ಇದ್ದ. ಇಬ್ಬರೂ ಮುಟ್ಟದ ಮೌಸು ಮೂರನೆಯವರ ಕೈಯಲ್ಲಿತ್ತು.

ನಾನು ಬಾರ್ಜಿನ ಪರದೆಯ ಮೇಲೆ ಒಂದು ಖಾಲಿ ಹಾಳೆ ತೆರೆದು ಬರೆದೆ: ಯಾರು?

ಬಾಣ ನಿಂತಿತು. ಎದ್ದು ಓಡಿಹೋಗುತ್ತಾರೆ ಅಂದುಕೊಂಡೆ. ಒಂದು ನಿಮಿಷವಾದ ಮೇಲೆ, ನನ್ನ ಪ್ರಶ್ನೆಯ ಕೆಳಗೆ, ಒಂದೇ ಬೆರಳಿನಲ್ಲಿ ಹೊಡೆಯುವವರ ಹಾಗೆ ಒಂದೊಂದೇ ಅಕ್ಷರ ಮೂಡಿತು.

ನೀರು ನಿಂತಿದೆ. ಕೈ ತೆಗಿ.

ಆಮೇಲೆ ಆ ಸಾಲು, ನನ್ನ ಸಾಲು, ಎರಡೂ ಹಿಂದಿನಿಂದ ಅಳಿಸಿಕೊಂಡು ಹೋದವು.

ಆ ಮಾತು ನಾನು ಕೇಳಿದ್ದೆ. ಮೇವಿನ ಕೋಣೆಯಲ್ಲಿ ನನಗೆ ಕೆಲಸ ಕಲಿಸುವಾಗ, ಈಗ ನಿವೃತ್ತಳಾಗಿರುವ ಸಿಗ್ರುನ್ ಅದೇ ನಾಲ್ಕು ಮಾತು ಹೇಳಿ ನನ್ನ ಮುಂಗೈ ಮೇಲೆ ಪೆನ್ಸಿಲಿನಿಂದ ಹೊಡೆಯುತ್ತಿದ್ದಳು.

ಮೊದಲು ಹೆನ್ನಿಂಗನ ಬಳಿಗೆ ಹೋದೆ. ಹೆಸರು ಹೇಳಲಿಲ್ಲ, ಒಡ್ವಾರ್ ಕಟ್ಟೆಯ ಮೇಲೆ ನಿಂತಿದ್ದ ದೃಶ್ಯ, ಮೇವು ನಿಂತ ಹೊತ್ತು, ಎರಡನ್ನೂ ಮುಂದಿಟ್ಟೆ. ಅವನು ನೋಡಿ, ಸಾಲದು ಅನ್ನುವ ಹಾಗೆ ತಲೆ ಆಡಿಸಿದ.

"ಆ ಹೊತ್ತಿಗೆ ಒಳಗಿದ್ದವಳು ನೀನು. ಹೆಸರು ಮೇವಿನ ಕೋಣೆ. ನೀನೇ ಒತ್ತಿದೆ ಅಂತ ನಾನ್ಯಾಕೆ ಅಂದ್ಕೋಬಾರ್ದು? ಅವನ ಪ್ರತಿನಿಧಿ ನೀನು."

"ಅದೇ ಹೆಸರಲ್ಲಿ ಇನ್ನೊಂದು ಸಂಪರ್ಕ ಇತ್ತು. ಮನೆಯಿಂದ."

"ನಿನಗೂ ಮನೆ ಇದೆ, ಮನೆಯಲ್ಲಿ ಗಂಡ ಇದಾನೆ." ಹಾಳೆ ನನ್ನ ಕಡೆಗೆ ತಳ್ಳಿದ. "ಮನುಷ್ಯರ ಹೆಸರು ತಗೊಂಡು ಬಾ. ಇಲ್ಲದಿದ್ರೆ ಶುಕ್ರವಾರ ಕಾಗದ ಹೋಗುತ್ತೆ."

ಮಕ್ಕಳನ್ನು ಕರೆದುಕೊಂಡು ಬಾ ಅಂತ ಗಂಡನಿಗೆ ಫೋನ್ ಮಾಡಿ, ಸಿಗ್ರುನಳ ಮನೆಗೆ ಹೋದೆ. ಬಾಗಿಲಿಗೆ ಬೀಗವಿರಲಿಲ್ಲ, ನಮ್ಮಲ್ಲಿ ಯಾರ ಬಾಗಿಲಿಗೂ ಇರುವುದಿಲ್ಲ. ಅಡುಗೆಮನೆಯಲ್ಲಿ ಮೀನಿನ ಕಟ್ಲೆಟ್ ಕರಿದ ವಾಸನೆ. ಕಿಟಕಿಯ ಹತ್ತಿರದ ಮೇಜಿನ ಮೇಲೆ ಆ ಲ್ಯಾಪ್‌ಟಾಪು. ಕೊರೊನಾ ವರ್ಷದಲ್ಲಿ ಎಲ್ಲರೂ ಮನೆಯಿಂದಲೇ ಮೇವು ಹಾಕಬೇಕಾಗಿ ಬಂದಾಗ ಕಂಪನಿ ಕೊಟ್ಟಿದ್ದು. ಮೂರು ವರ್ಷದ ಹಿಂದೆ ಅವಳು ನಿವೃತ್ತಳಾದಾಗ ಬಾದಾಮಿ ಕೇಕು ಮಾಡಿಸಿ, ಭಾಷಣ ಮಾಡಿ, ಹೂಗುಚ್ಛ ಕೊಟ್ಟು ಕಳಿಸಿದ್ದೆವು. ಲ್ಯಾಪ್‌ಟಾಪು ವಾಪಸು ಕೇಳುವುದು ಯಾರಿಗೂ ಹೊಳೆದಿರಲಿಲ್ಲ. ಹೊಳೆದಿದ್ದರೂ ನಾಚಿಕೆಯಾಗುತ್ತಿತ್ತು.

"ಕೂತ್ಕೋ ಹುಡುಗಿ. ಕಾಫಿ ಇದೆ."

"ಎಷ್ಟು ದಿನದಿಂದ?"

"ಕಾಫಿನಾ? ಬೆಳಿಗ್ಗೆಯಿಂದ."

"ಸಿಗ್ರುನ್."

ಅವಳು ಕುರ್ಚಿಯ ಮೇಲಿದ್ದ ಹೆಣಿಗೆ ಎತ್ತಿಟ್ಟಳು. "ಮೂರು ವರ್ಷ. ನೋಡ್ತಿದ್ದೆ, ಅಷ್ಟೇ. ಬೆಳಿಗ್ಗೆ ಕಾಫಿ ಜೊತೆ ಒಂದು ಸುತ್ತು, ಸಂಜೆ ಒಂದು ಸುತ್ತು. ಮುಟ್ಟಿರಲಿಲ್ಲ. ಈ ಗಡಿಯಾರದ ಪ್ರೋಗ್ರಾಮು ಬಂದ ಮೇಲೆ ತಡಕೊಳ್ಳೋಕಾಗಲಿಲ್ಲ. ಕ್ಯಾಮೆರಾದಲ್ಲಿ ಮೇವು ಬೆಳ್ಳಗೆ ಸುರೀತಿತ್ತು ತಳಕ್ಕೆ! ನೀನು ನೋಡ್ತಿರಲಿಲ್ವಾ?"

"ಆರು ಬಾರ್ಜು ನೋಡಬೇಕು ನಾನು. ಒಡ್ವಾರನ ಕೆಲಸ ಹೋಗ್ತಿದೆ, ಗೊತ್ತಾ? ನಿಲ್ಲಿಸಿದ್ದು ಅವನೇ ಅಂತ."

ಅದು ಅವಳಿಗೆ ಗೊತ್ತಿರಲಿಲ್ಲ. ಅಥವಾ ಗೊತ್ತಿಲ್ಲದ ಹಾಗೆ ಮಾಡಿದಳು. ಆ ವಾರದಲ್ಲಿ ನಾನು ಯಾರ ಮುಖವನ್ನೂ ನಂಬುವ ಸ್ಥಿತಿಯಲ್ಲಿರಲಿಲ್ಲ.

"ನನ್ನ ಹೆಸರು ಹೇಳು," ಅಂದಳು. "ಆ ಹೊಸ ಬೂಟಿನವನಿಗೆ ಹೇಳು, ಪೊಲೀಸರಿಗೆ ಬೇಕಾದ್ರೂ ಹೇಳು. ಬಾಗಿಲು ಹಾಕಿದ್ರೆ ನಾನು ವಾಪಸ್ ಹೋಗ್ತಿದ್ದೆ. ಹಾಕಿರಲಿಲ್ಲ. ಕಿಟಕಿ ಒಡೆದು ಬಂದವಳಲ್ಲ ನಾನು."

"ಕೂಗದೇ ಬಂದವಳು."

ಅವಳು ಕಾಫಿ ಬಗ್ಗಿಸಿದಳು. ನಾನು ಕೇಳಲೇಬೇಕಾಗಿದ್ದನ್ನು ಕೇಳಿದೆ. "ಸಂಜೆ ಸುತ್ತಿನಲ್ಲಿ ಏನು ನೋಡ್ತಿದ್ದೆ? ಸಂಜೆ ಮೇವು ಇರಲ್ಲ."

"ಇಸ್ಪೀಟು ಆಡ್ತಾನೆ. ಏನು ಕೆಟ್ಟದಾಗಿ ಆಡ್ತಾನೆ ಅಂತೀಯ! ಮೊನ್ನೆ ಒಂಬತ್ತು ಕಣ್ಣೆದುರಿಗೇ ಇದೆ, ಎದ್ದು ಹೋದ. ನಾನೇ ಇಟ್ಟೆ."

"ಇನ್ನೇನು?"

ಅವಳು ಲೋಟ ಎತ್ತಿಕೊಂಡಳು. "ತಮ್ಮನಿಗೆ ಕಾಗದ ಬರೀತಾನೆ. ಬರೆದು, ಓದಿ, ಅಳಿಸ್ತಾನೆ. ದಿನಾ. ದೋಣಿ ಮಾರಿದ ಮೇಲೆ ಅಣ್ಣತಮ್ಮ ಮಾತು ಬಿಟ್ಟಿದ್ದು ದ್ವೀಪಕ್ಕೆಲ್ಲಾ ಗೊತ್ತು. ಯಾಕೆ ಅನ್ನೋದು—"

"ನನಗೆ ಹೇಳಬೇಡ."

"ಹೇಳಲ್ಲ. ಮೂರು ವರ್ಷ ಅಳಿಸ್ತಾನೇ ಇದ್ದ. ನಿನ್ನೆ ಸಂಜೆ ಅಳಿಸಲಿಲ್ಲ. ಮೊದಲ ಸಲ. ಉಳಿಸಿ ಇಟ್ಟಿದ್ದಾನೆ." ಲೋಟ ಕೆಳಗಿಟ್ಟಳು. "ಯಾರೋ ಓದಿದಾರೆ ಅಂತ ಗೊತ್ತಾದ್ರೆ ಅವನು ಅದನ್ನ ಕಳಿಸ್ತಾನಾ? ನೀನೇ ಹೇಳು."

ಅವಳು ಬೇಡಿಕೊಂಡಿದ್ದು ಅವನಿಗಾಗಿಯೋ, ಅವನೆದುರು ತನ್ನ ಮುಖ ಉಳಿಸಿಕೊಳ್ಳುವುದಕ್ಕೋ, ನನಗೆ ಗೊತ್ತಾಗಲಿಲ್ಲ. ಈಗಲೂ ಗೊತ್ತಿಲ್ಲ. ಲ್ಯಾಪ್‌ಟಾಪು ಮುಚ್ಚಿ, ವೈರು ಸುತ್ತಿ, ಕಂಕುಳಲ್ಲಿಟ್ಟುಕೊಂಡು ಬಂದೆ. ಅವಳು ತಡೆಯಲಿಲ್ಲ. ಕಿಟಕಿಯಲ್ಲಿ ನಿಂತು ಕಡಲಿನ ಕಡೆ ನೋಡುತ್ತಿದ್ದಳು. ಅಲ್ಲಿಂದ ಬಾರ್ಜು ಕಾಣುವುದಿಲ್ಲ.

ಶುಕ್ರವಾರ ಬೆಳಿಗ್ಗೆ ಹೆನ್ನಿಂಗನ ಮೇಜಿನ ಮೇಲೆ ಲ್ಯಾಪ್‌ಟಾಪು ಇಟ್ಟು ಹೆಸರು ಹೇಳಿದೆ. ಸ್ಟೈನಾರ್ ಬಂದು ಪರೀಕ್ಷಿಸಿ ಹೌದೆಂದ. ನಿವೃತ್ತಳಾದವಳ ಮನೆಯಲ್ಲಿ ಕಂಪನಿಯ ಬಾಗಿಲು ಮೂರು ವರ್ಷ ತೆರೆದಿತ್ತು ಅನ್ನುವುದು ಹೊರಗೆ ಹೋಗಬಾರದು ಅಂತ ಹೆನ್ನಿಂಗ್ ಎರಡು ಸಲ ಹೇಳಿದ; ಪೊಲೀಸರ ಮಾತು ಎತ್ತಲಿಲ್ಲ. ಎಚ್ಚರಿಕೆಯ ಕಾಗದ ಹರಿದುಹಾಕಿದ. ಸ್ಟೈನಾರ್ ಎಲ್ಲರಿಗೂ ಬೇರೆ ಬೇರೆ ಪಾಸ್‌ವರ್ಡು ಮಾಡಿದ, ಹಳದಿ ಪಟ್ಟಿ ವಾಪಸು ಹಾಕಿದ.

ಮಧ್ಯಾಹ್ನದ ದೋಣಿಯಲ್ಲಿ ಬಾರ್ಜಿಗೆ ಹೋದೆ. ಒಡ್ವಾರ್ ಮೇವಿನ ಪೈಪು ತೊಳೆಯುತ್ತಿದ್ದ. ನೀರು ನಿಲ್ಲಿಸಿ ಕೈಗವಸು ತೆಗೆದ.

"ಎಚ್ಚರಿಕೆ ರದ್ದಾಯ್ತು," ಅಂದೆ.

"ರೇಡಿಯೋದಲ್ಲೇ ಹೇಳಬಹುದಿತ್ತು ಅದನ್ನ. ಯಾರು?"

"ಸಿಗ್ರುನ್."

ಅವನು ಕಟ್ಟೆಯ ಮೇಲೆ ಕೂತ. ಮುಖ ಸಡಿಲವಾಗಲಿಲ್ಲ. "ಒಂಬತ್ತು ಇಟ್ಟಿದ್ದು?"

"ಅವಳೇ. ನೀನು ಕೆಟ್ಟದಾಗಿ ಆಡ್ತೀಯಂತೆ."

"ಮುದುಕಿಗೆ ತಾನು ಭಾರಿ ಚೆನ್ನಾಗಿ ಆಡ್ತೀನಿ ಅಂತ." ನಗಲಿಲ್ಲ. "ಎಷ್ಟು ದಿನದಿಂದ?"

"ಮೂರು ವರ್ಷ."

ಅವನು ನನ್ನ ಮುಖ ಬಿಟ್ಟು ಮೇಲಿನ ಕಿಟಕಿಯ ಕಡೆ ನೋಡಿದ. ಅದರ ಹಿಂದೆಯೇ ಆ ಕಂಪ್ಯೂಟರು ಇರುವುದು. ಮೂರು ವರ್ಷದ ಸಂಜೆಗಳನ್ನು ಅವನು ಒಂದೊಂದಾಗಿ ತಿರುಗಿಸಿ ನೋಡುತ್ತಿದ್ದ ಹಾಗಿತ್ತು. ಗೂಡಿನಲ್ಲಿ ಮೀನೊಂದು ಎದ್ದು ಬಿತ್ತು.

"ಏನು ನೋಡಿದ್ಲು?"

"ಮೀನು," ಅಂದೆ. "ಇಸ್ಪೀಟು."

"ಅಷ್ಟೇನಾ?"

"ಅಷ್ಟೇ."

ಕೊಟ್ಟ ಮಾತನ್ನು ನಾನು ಮುರಿದೆ.